ಸೈನ್ಯ ಸೇರುವ ಮನಸ್ಸು, ಪಾವಗಡದ ನೀರು

ದೇಶಕ್ಕಾಗಿ ಹೋರಾಡಲು ಸಿದ್ಧರಿದ್ದೀರಾ ಎಂದು ಗ್ಯಾಲಪ್ ಇಂಟರ್‌ನ್ಯಾಷನಲ್ ಒಂದು ದಶಕದ ಹಿಂದೆ ಹಲವು ದೇಶಗಳ ಜನರನ್ನು ಕೇಳಿತ್ತು. ಹೌದು ಎಂದವರು ಜಗತ್ತಿನಲ್ಲಿ ಶೇ 61, ಜಪಾನಿನಲ್ಲಿ ಶೇ 11, ಭಾರತದಲ್ಲಿ ಶೇ 75. ಹೆಮ್ಮೆಯ ಅಂಕಿಯೇ ಸರಿ. ಆದರೆ ಸಮೀಕ್ಷೆಗೆ ಹೌದು ಎಂದ ಹುಡುಗ ಭರ್ತಿ ಮೈದಾನ ದಾಟುವ ಹೊತ್ತಿಗೆ ಎಷ್ಟು ಕಡೆ ಸೋಸಿಹೋಗುತ್ತಾನೆ ಎಂಬುದನ್ನು ತಿಳಿಯಬೇಕಾದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ನೋಡಬೇಕು.

ಕರ್ನಾಟಕದಲ್ಲಿ ಸೈನ್ಯವೆಂದರೆ ಕೊಡಗು, ಕಾರ್ಯಪ್ಪ, ತಿಮ್ಮಯ್ಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಯಾರ ಬಾಯಿಗೂ ಬರುವುದಿಲ್ಲ. ಆದರೆ ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಪಾವಗಡ, ನಿಡುಗಲ್ಲಿನ ದುರ್ಗಗಳು ಪಾಳೆಯಗಾರರ ಕಾಲದಲ್ಲಿ ಬರಿದೇ ನಿಂತಿರಲಿಲ್ಲ. ಹೈದರಾಲಿಯ ತಂದೆ ಫತೇ ಮಹಮ್ಮದ್ ದಂಡಿನಲ್ಲಿ ದುಡಿದದ್ದು ಶಿರಾದ ಸುಬೇದಾರರ ಕೆಳಗೆ. ಕೆಲವು ಜಾತಿಗಳಷ್ಟೇ ಯುದ್ಧಕ್ಕೆ ಲಾಯಕ್ಕು ಎಂಬುದು ಬ್ರಿಟಿಷರು ಕಟ್ಟಿದ ಸಿದ್ಧಾಂತ. ಅದನ್ನು ನಾವು ಇನ್ನೂ ನಂಬಿಕೊಂಡು ಕೂರಬೇಕಿಲ್ಲ.

ಈಗ ಸೇನಾ ಭರ್ತಿಯಲ್ಲಿ ಮೊದಲು ಆನ್‌ಲೈನ್ ಪರೀಕ್ಷೆ. ಅದನ್ನು ಕನ್ನಡದಲ್ಲೂ ಬರೆಯಬಹುದು. ತೆಲುಗಿನಲ್ಲೂ ಬರೆಯಬಹುದಾದ್ದರಿಂದ ಗಡಿಯ ಪಾವಗಡಕ್ಕೆ ಇನ್ನಷ್ಟು ಅನುಕೂಲ. ಆಮೇಲೆ 1.6 ಕಿ.ಮೀ. ಓಟ, ಐದೂವರೆ ನಿಮಿಷದಲ್ಲಿ ಮುಗಿಸಿದರೆ ಪೂರ್ಣ ಅಂಕ. ಒಂಬತ್ತು ಅಡಿ ಹಳ್ಳ ಜಿಗಿಯಬೇಕು, ಪೂರ್ಣ ಅಂಕಕ್ಕೆ ಹತ್ತು ಪುಲ್‌ಅಪ್ ಎಳೆಯಬೇಕು. ಬೆಳಗಿನ ಜಾವ ಡಾಂಬರು ರಸ್ತೆಯಲ್ಲಿ ಓಡಿಯಾದರೂ ಹುಡುಗರು ಇದನ್ನೆಲ್ಲ ಸಾಧಿಸಿಕೊಳ್ಳುತ್ತಾರೆ.

ಸಾಧಿಸಿಕೊಳ್ಳಲಾಗದ್ದು ವೈದ್ಯಕೀಯ ತಪಾಸಣೆ. ಕಾಲು ಜೋಡಿಸಿ ನಿಲ್ಲಿಸಿದಾಗ ಮೊಣಕಾಲುಗಳು ಒಂದಕ್ಕೊಂದು ತಾಗಿ ಹಿಮ್ಮಡಿಗಳ ನಡುವಿನ ಅಂತರ ಮಿತಿ ಮೀರಿದರೆ ಅನರ್ಹ. ಬಾಯಿ ತೆರೆಸಿ ಗಟ್ಟಿ ಹಲ್ಲುಗಳನ್ನು ಎಣಿಸಿ ಅಂಕ ಹಾಕುತ್ತಾರೆ. ಕನಿಷ್ಠ 14 ಅಂಕ ಬೇಕು. ಪಾವಗಡ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ದಶಕಗಳ ಹಳೆಯ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಬಾಲ್ಯದಿಂದ ಕುಡಿದರೆ ಹಲ್ಲು ಕಂದುಗಟ್ಟಬಹುದು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಬೆಳೆಯುವ ಕಾಲೂ ಸೊಟ್ಟಗಾಗಬಹುದು. ಹದಿನೆಂಟರ ಹುಡುಗ ಮೈದಾನದಲ್ಲಿ ಎಷ್ಟೇ ಬೆವರಿಳಿಸಿದರೂ ಐದನೇ ವಯಸ್ಸಿನಲ್ಲಿ ಕುಡಿದ ನೀರನ್ನು ಹಿಂದಕ್ಕೆ ಪಡೆಯಲಾರ. ಪಾವಗಡಕ್ಕೆ ತುಂಗಭದ್ರಾ ಹಿನ್ನೀರು ತರುವ ಕುಡಿಯುವ ನೀರಿನ ಯೋಜನೆಯನ್ನು ನಾನು ಸೇನಾ ಭರ್ತಿಯ ಮಾತಾಗಿಯೂ ನೋಡುವುದು ಇದಕ್ಕೇ.

ಇನ್ನು ಮನೆಯವರ ಲೆಕ್ಕ. 2022ರ ಜೂನ್‌ನಲ್ಲಿ ಸೇನಾ ಭರ್ತಿಯ ಅಗ್ನಿಪಥ ಯೋಜನೆ ಪ್ರಕಟವಾಗುವ ಮುನ್ನ ಸೈನಿಕನಾದರೆ ಹದಿನೈದು ವರ್ಷದ ಸೇವೆ, ಬಳಿಕ ಪಿಂಚಣಿ ಎಂಬ ಭರವಸೆಯಿತ್ತು. ಹೆಣ್ಣು ಕೊಡುವವರೂ ಅದನ್ನೇ ನೆಚ್ಚುತ್ತಿದ್ದರು. ಈಗ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30 ಸಾವಿರ, ಅದರಲ್ಲಿ ಶೇ 30 ಸೇವಾನಿಧಿಗೆ. ಸೇನೆಯಲ್ಲೇ ಮುಂದುವರಿಯುವವರು ಹೆಚ್ಚೆಂದರೆ ಶೇ 25. ಹೊರಬರುವವರಿಗೆ ಆ ನಿಧಿಯಿಂದ ಬಡ್ಡಿ ಬಿಟ್ಟು ಸುಮಾರು 10 ಲಕ್ಷ, ಪಿಂಚಣಿಯಿಲ್ಲ. ಶೇಂಗಾ ಬೆಳೆದು ಮಳೆಗೆ ಕಾಯುವ ಮನೆಗೆ ಇದು ಸಣ್ಣ ಹಣವಲ್ಲ, ಒಪ್ಪುತ್ತೇನೆ. ಆದರೆ ಇಪ್ಪತ್ತೆರಡರಲ್ಲಿ ವಾಪಸಾದ ಮಗ ಮತ್ತೆ ಬೆಂಗಳೂರಿನ ಬಸ್ಸು ಹತ್ತಿ ಸೆಕ್ಯುರಿಟಿ ಕೆಲಸ ಹುಡುಕುವುದಾದರೆ ತಾಯಿ ಅವನ ತಮ್ಮನನ್ನು ಯಾಕೆ ಕಳಿಸಿಯಾಳು?

ಹೀಗೆ ಸೇರಿದ ಮೊದಲ ಅಗ್ನಿವೀರರ ಅವಧಿ ಮುಗಿಯುವುದು 2026–27ರಲ್ಲಿ. ಅವರಿಗೆ ಪೊಲೀಸ್, ಅಗ್ನಿಶಾಮಕ, ಅರಣ್ಯ ಇಲಾಖೆಗಳಲ್ಲಿ ಎಷ್ಟು ಹುದ್ದೆ ಮೀಸಲು ಎಂಬುದನ್ನು ರಾಜ್ಯ ಸರ್ಕಾರ ಅವರು ಊರಿಗೆ ಬರುವ ಮೊದಲೇ ಲಿಖಿತವಾಗಿ ಹೇಳಬೇಕು. ನಾಲ್ಕೂ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಎಂಟನೇ ತರಗತಿಯಲ್ಲೇ ಮಕ್ಕಳ ಹಲ್ಲು, ಮೊಣಕಾಲು ತಪಾಸಣೆಯಾಗಬೇಕು. ಹಳ್ಳಿಗೆ ಬರುವ ನೀರಿನ ಫ್ಲೋರೈಡ್ ಪ್ರಮಾಣವನ್ನು ಪಂಚಾಯಿತಿ ಫಲಕದಲ್ಲಿ ಪ್ರತಿ ತಿಂಗಳು ಬರೆಯಬೇಕು.