ಒಬ್ಬ ಫಾದರ್, ಭಾನುವಾರಕ್ಕೆ ಮೂರೇ ಪೂಜೆ: ಲೆಕ್ಕ ತಪ್ಪುತ್ತಿರೋದು ಎಲ್ಲಿ?

ಮೇ-ಜೂನ್ ಬಂತು ಅಂದ್ರೆ ಕರಾವಳಿಯ ಚರ್ಚ್‌ಗಳಲ್ಲಿ ವರ್ಗಾವಣೆಯದ್ದೇ ಮಾತು. ಹಳೇ ಫಾದರ್ ಎಲ್ಲಿಗೆ, ಹೊಸಬರು ಯಾರು ಅಂತ ಮೊದಲೆಲ್ಲ ಕೇಳ್ತಿದ್ರು. ಈಗ ಸಣ್ಣ ಧರ್ಮಕೇಂದ್ರಗಳಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ನಮಗೇ ಅಂತ ಒಬ್ಬರನ್ನು ಕೊಡ್ತಾರಾ, ಇಲ್ಲ ಪಕ್ಕದ ಚರ್ಚಿನವರೇ ಬಂದು ಪೂಜೆ ಮುಗಿಸಿ ಹೋಗ್ತಾರಾ?

ಇದು ಕ್ರೈಸ್ತರ ಮನೆ ವಿಷಯ, ನಮಗೇನು ಅಂತ ಪೇಟೆಯವರು ಅಂದುಕೊಳ್ಳಬಹುದು. ಚರ್ಚ್ ಎದುರಿನ ಹೋಟೆಲಿನವರಿಗೆ ಗೊತ್ತು. ಭಾನುವಾರ ಬೆಳಿಗ್ಗೆ ಪೂಜೆ ಬಿಟ್ಟ ಅರ್ಧ ಗಂಟೆಯಲ್ಲಿ ಚಹಾ, ಬನ್ಸ್, ಮೀನು, ಕೋಳಿ, ತರಕಾರಿ ಎಲ್ಲ ಓಡುತ್ತೆ. ಆ ಪೂಜೆ ಶನಿವಾರ ಸಂಜೆಗೆ ಹೋದರೆ, ಅಥವಾ ಜನ ಬೈಕ್ ಹತ್ತಿ ಬೇರೆ ಊರಿನ ಚರ್ಚಿಗೆ ಹೋದರೆ, ವ್ಯಾಪಾರವೂ ಅವರ ಜೊತೆಗೇ ಹೋಗುತ್ತೆ.

ಸಮಯ ಯಾಕೆ ಬದಲಾಗುತ್ತೆ? ಕಾರಣ ಸರಳ. ಕ್ಯಾಥೊಲಿಕ್ ಚರ್ಚಿನ 1983ರ ಕಾನೂನು ಪ್ರಕಾರ ಒಬ್ಬ ಗುರು ಸಾಮಾನ್ಯವಾಗಿ ದಿನಕ್ಕೆ ಒಂದೇ ಬಲಿಪೂಜೆ ಮಾಡಬೇಕು. ಗುರುಗಳು ಕಡಿಮೆ ಇದ್ದಲ್ಲಿ ಬಿಷಪ್ ಒಪ್ಪಿದರೆ ವಾರದ ದಿನ ಎರಡು, ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಮೂರು. ಅಷ್ಟೇ. ಒಂದು ಚರ್ಚು, ಎರಡು ಉಪಕೇಂದ್ರ ಅಂದ್ರೆ ಮೂರೂ ಮುಗೀತು. ಅದರ ಮೇಲೆ ಒಂದು ಕಡೆ ಇಂಗ್ಲಿಷ್ ಪೂಜೆ ಬೇಕು ಅಂದ್ರೆ ಶನಿವಾರ ಸಂಜೆಯೇ ದಾರಿ. ಆ ಸಂಜೆ ಪೂಜೆ ಭಾನುವಾರದ ಲೆಕ್ಕಕ್ಕೇ ಬರುತ್ತೆ.

ಲೋಕದ ಲೆಕ್ಕ ನೋಡಿ. ವ್ಯಾಟಿಕನ್ ಅಂಕಿ ಪ್ರಕಾರ 2023ರ ಕೊನೆಗೆ ಜಗತ್ತಿನಲ್ಲಿ 4,06,996 ಗುರುಗಳಿದ್ದರು, ಹಿಂದಿನ ವರ್ಷಕ್ಕಿಂತ 734 ಕಡಿಮೆ. ಭಕ್ತರು ಮಾತ್ರ 140 ಕೋಟಿ ದಾಟಿದ್ದಾರೆ. ಸೆಮಿನರಿಯಲ್ಲಿ ಓದುವವರು ಅದೇ ಒಂದು ವರ್ಷದಲ್ಲಿ 1,08,481ರಿಂದ 1,06,495ಕ್ಕೆ ಇಳಿದರು.

ನಮ್ಮ ಕಡೆ ಕಾರಣ ಹುಡುಕೋಕೆ ದೂರ ಹೋಗೋದು ಬೇಡ. ಅಜ್ಜಿ ಕಾಲದಲ್ಲಿ ಮನೆಗೆ ಎಂಟು ಮಕ್ಕಳು. ಒಬ್ಬ ಫಾದರ್, ಒಬ್ಬಳು ಸಿಸ್ಟರ್ ಆದರೆ ಮನೆಗೇ ಗೌರವ. ಈಗ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತೆ. ಇರೋ ಒಬ್ಬ ಮಗನನ್ನು ಸೆಮಿನರಿಗೆ ಕಳಿಸಿ ಅಂದ್ರೆ ಯಾವ ತಾಯಿಯಾದರೂ ಎರಡು ಸಲ ಯೋಚಿಸ್ತಾಳೆ. ಆ ಹುಡುಗನ ಕಣ್ಣು ದುಬೈ ಮೇಲೋ ಕೆನಡಾ ಮೇಲೋ ಇರುತ್ತೆ. ಮೇಲಾಗಿ ಗುರುದೀಕ್ಷೆಗೆ ಹತ್ತು-ಹನ್ನೆರಡು ವರ್ಷ ಓದಬೇಕು. ಮೂರು ವರ್ಷದ ಡಿಗ್ರಿ ಮುಗಿಸದ ನನ್ನಂಥವನು ಇದರ ಬಗ್ಗೆ ಜಾಸ್ತಿ ಮಾತಾಡಬಾರದು ಬಿಡಿ. ಆದರೆ ಒಂದು ಅರ್ಥ ಆಗುತ್ತೆ: ಇವತ್ತಿನ ಕೊರತೆ ದಶಕದ ಹಿಂದೆಯೇ ನಿರ್ಧಾರ ಆದದ್ದು, ಇವತ್ತು ಹತ್ತು ಹುಡುಗರು ಸೇರಿದರೂ ಮುಂದಿನ ವರ್ಷ ಸರಿಹೋಗಲ್ಲ.

ತಮಾಷೆ ಅಂದ್ರೆ ಮಂಗಳೂರಿಗೆ ಒಂದು ಕಾಲದಲ್ಲಿ ಗುರುಗಳು ಬಂದದ್ದೇ ಹೊರಗಿಂದ. 1878ರ ಡಿಸೆಂಬರ್ 31ರಂದು ಯೂರೋಪಿನ ಜೆಸ್ವಿಟರು ಇಲ್ಲಿ ಹಡಗು ಇಳಿದರು, ಮರುವರ್ಷವೇ ಸೆಮಿನರಿ ಶುರುಮಾಡಿದರು. ಅದೇ ಮುಂದೆ ಜೆಪ್ಪುವಿಗೆ ಹೋಯಿತು. ಈಗ ಜರ್ಮನಿ, ಇಟಲಿಯ ಖಾಲಿ ಚರ್ಚ್‌ಗಳಿಗೆ ಭಾರತದ ಗುರುಗಳು ಹೋಗ್ತಿದ್ದಾರೆ.

ಅಲ್ಲಿಗೆ ಹೋಲಿಸಿದರೆ ನಮ್ಮದು ದೊಡ್ಡ ಬರವಲ್ಲ, ನಿಜ. ಅಮೆಜಾನ್ ಕಾಡಿನ ಕೆಲವು ಹಳ್ಳಿಗಳಿಗೆ ಫಾದರ್ ಬರೋದು ವರ್ಷಕ್ಕೆ ಒಂದೆರಡು ಸಲ. ಅದಕ್ಕೇ ಮದುವೆಯಾದವರಿಗೂ ದೀಕ್ಷೆ ಕೊಡೋಣ ಅಂತ 2019ರ ಸಭೆಯಲ್ಲಿ ಬಹುಮತದ ಬಿಷಪ್‌ಗಳು ಕೇಳಿದ್ದರು. 2020ರಲ್ಲಿ ಪೋಪ್ ಫ್ರಾನ್ಸಿಸ್ ಆ ಬಾಗಿಲು ತೆರೆಯಲಿಲ್ಲ.

ನನ್ನ ಅನಿಸಿಕೆ ಬೇರೆ. ನಮ್ಮಲ್ಲಿ ತಲೆ ಲೆಕ್ಕಕ್ಕಿಂತ ಸಮಯದ ಲೆಕ್ಕ ಹೆಚ್ಚು ಕೆಟ್ಟಿದೆ. ಚರ್ಚಿನ ಫಾದರೇ ಅನುದಾನಿತ ಶಾಲೆಯ ಸಂಚಾಲಕರು. ಬಿಇಒ ಕಚೇರಿಗೆ ಅವರೇ ಓಡಬೇಕು. ಸಭಾಭವನದ ಬುಕಿಂಗ್, ಸ್ಮಶಾನದ ಕಾಂಪೌಂಡ್, ಪಂಚಾಯತ್ ತೆರಿಗೆ, ಎಲ್ಲ ಅವರ ತಲೆ ಮೇಲೆ. ಪಾಲನಾ ಮಂಡಳಿಯ ಉಪಾಧ್ಯಕ್ಷರಿದ್ದಾರೆ, ಕಾರ್ಯದರ್ಶಿ ಇದ್ದಾರೆ, ವಾಳೆಗೊಬ್ಬ ಗುರಿಕಾರರಿದ್ದಾರೆ. ಆದರೂ ಚೆಕ್‌ಗೆ, ಪತ್ರಕ್ಕೆ ಫಾದರ್ ಸಹಿಯೇ ಬೇಕು ಅಂದ್ರೆ ಹೇಗೆ ಮಾರಾಯ್ರೆ? ಶಾಲೆ-ಕಟ್ಟಡದ ಕೆಲಸ ಲೆಕ್ಕ ಬಲ್ಲ ನಿವೃತ್ತ ಮೇಷ್ಟ್ರೋ ಬ್ಯಾಂಕಿನವರೋ ಮಾಡಬಹುದು. ಕೆಲವು ಫಾದರ್‌ಗಳಿಗೂ ಅದನ್ನು ಬಿಟ್ಟುಕೊಡೋ ಮನಸ್ಸಿಲ್ಲ, ಅದೂ ಹೇಳಲೇಬೇಕು.

ಯಾಕಂದ್ರೆ ಬೇರೆ ಯಾರೂ ಮಾಡೋಕಾಗದ ಕೆಲಸ ಕೆಲವೇ ಇವೆ. ಸಿಸ್ಟರ್ ಬೈಬಲ್ ಓದಿ ಪ್ರಾರ್ಥನೆ ನಡೆಸಬಹುದು, ಪರಮಪ್ರಸಾದ ಹಂಚಬಹುದು. ತುರ್ತಿದ್ದರೆ ಮಗುವಿಗೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಪೂಜೆ, ಪಾಪನಿವೇದನೆ, ರೋಗಿಗೆ ತೈಲಲೇಪನ ಮಾತ್ರ ಗುರುಗಳಿಂದಲೇ ಆಗಬೇಕು. ಮಳೆಗಾಲದ ರಾತ್ರಿ ಹನ್ನೊಂದಕ್ಕೆ ಒಳಗಿನ ಊರಲ್ಲಿ ಮುದುಕರೊಬ್ಬರ ಉಸಿರು ಕಟ್ಟುತ್ತಿದೆ ಅಂದುಕೊಳ್ಳಿ. ಗುರಿಕಾರರು ಐದು ನಿಮಿಷದಲ್ಲಿ ಬಂದು ಜಪಸರ ಶುರುಮಾಡ್ತಾರೆ. ತೈಲ ಹಚ್ಚಬೇಕಾದ ಫಾದರ್ ಮಾತ್ರ ಇನ್ನೊಂದು ಚರ್ಚಿನಲ್ಲಿರ್ತಾರೆ, ಅಲ್ಲಿಂದ ಹೊರಟು ಬರಬೇಕು.