ದನಿಗೂ ಸಾಧನೆ ಬೇಕು

“ಅವನಿಗೇನು, ದೇವರು ಒಳ್ಳೆಯ ಕಂಠ ಕೊಟ್ಟಿದ್ದಾನೆ” ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕಂಠವೆಂಬುದು ಹುಟ್ಟಿನೊಡನೆ ಬರತಕ್ಕದ್ದು, ಬಾರದವನು ಸುಮ್ಮನಿರತಕ್ಕದ್ದು ಎಂಬ ಭಾವನೆ ಈ ಮಾತಿನಲ್ಲಿ ಅಡಗಿದೆ. ಇದನ್ನು ನಾನು ಒಪ್ಪಲಾರೆ. ಕಂಠದ ಗುಣ ಹುಟ್ಟಿನಿಂದ ಬಂದೀತು; ಅದರ ಹರವು ಸಾಧನೆಯಿಂದಲೇ ಬರಬೇಕು.

ಮುಖ ತೋರದೆ ದನಿಯೊಂದರಿಂದಲೇ ಬದುಕುವ ಕಸುಬು ಈಗ ಕನ್ನಡದಲ್ಲಿ ಬೆಳೆಯುತ್ತಿದೆ. ಡಬ್ಬಿಂಗಿಗೆ ಒಡ್ಡಿದ್ದ ಅಡ್ಡಿಯ ವಿರುದ್ಧ ಭಾರತ ಸ್ಪರ್ಧಾ ಆಯೋಗವು 2015ರಲ್ಲಿ ತೀರ್ಪಿತ್ತ ಮೇಲೆ ಅನ್ಯಭಾಷೆಯ ಚಿತ್ರಗಳು ಕನ್ನಡದಲ್ಲಿ ಮಾತನಾಡತೊಡಗಿವೆ. ಸಾಕ್ಷ್ಯಚಿತ್ರಕ್ಕೂ ಜಾಹೀರಾತಿಗೂ ದನಿ ಬೇಕು. ಬಿ.ಎ. ಓದಿದವನಿಗೆ ಯಾವ ಉದ್ಯೋಗವೆಂದು ಮೂಗು ಮುರಿಯುವವರಿಗೆ ಇದೂ ಒಂದು ಉತ್ತರವಲ್ಲವೆ?

ಇದು ನಮಗೆ ಹೊಸದೇನೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು; ಆ ಹೆಸರು ಮುಂದೆ ದೇಶದ ಬಾನುಲಿಗೆಲ್ಲ ಸಂದಿತು. ಅದಕ್ಕೂ ಹಳೆಯದು ಕರಾವಳಿಯ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿ ಕುಳಿತಲ್ಲಿಂದಲೇ ಕೌರವನಾಗಬೇಕು, ಕರ್ಣನಾಗಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಇಂಥ ಕೂಟಗಳಲ್ಲಿ.

ಹರವು ಎಂದರೆ ಮಂದ್ರದಿಂದ ತಾರಕ್ಕೆ ಏರುವುದಷ್ಟೇ ಅಲ್ಲ. “ಈಗ ಬಂದೆಯಾ” ಎಂಬ ಎರಡು ಪದಗಳನ್ನು ನೋಡಿ. ನಡುರಾತ್ರಿಯವರೆಗೆ ಕಾದ ತಾಯಿ ಅನ್ನುವ ಬಗೆ ಒಂದು. ಸಾಲ ಕೊಟ್ಟವನು ಅನ್ನುವ ಬಗೆ ಇನ್ನೊಂದು. ಹಾಜರಿ ಪುಸ್ತಕ ಹಿಡಿದ ಗುರುಗಳದು ಮತ್ತೊಂದು! ಪದ ಬದಲಾಗಲಿಲ್ಲ, ವೇಗ, ಒತ್ತು, ನಿಲುಗಡೆ, ಉಸಿರು ಬದಲಾದವು. ಇವು ನಾಲ್ಕೂ ಕಲಿತರೆ ಬರುವಂಥವು.

ಆದರೆ ನಮ್ಮ ಗೆಳೆಯರು ಹಿಡಿದಿರುವ ದಾರಿ ಬೇರೆ. ಚಿತ್ರನಾಯಕರಂತೆ ಗಂಟಲನ್ನು ಅದುಮಿ ಗಡಸು ದನಿ ತೆಗೆಯುವುದೇ ಸಾಧನೆಯೆಂದು ಅವರು ತಿಳಿದಿದ್ದಾರೆ. ಧ್ವನಿತಂತುಗಳು ಮೃದುವಾದ ಎರಡು ಮಡಿಕೆಗಳು. ಸಾಧಾರಣ ಮಾತಿನಲ್ಲಿಯೇ ಅವು ಸೆಕೆಂಡಿಗೆ ಗಂಡಸರಲ್ಲಿ 100ಕ್ಕೂ ಹೆಚ್ಚು, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ದಿನವೂ ಕಿರಿಚಿದರೆ ಅಲ್ಲಿ ಗಂಟುಗಳೇಳಬಹುದು. ಬಾಯಿ ಮುಚ್ಚಿ ಗುಂಯ್‌ಗುಡುತ್ತ, ತಗ್ಗಿನಿಂದ ಮೇಲಕ್ಕೆ ಮೆಲ್ಲನೆ ಜಾರಿ ಮತ್ತೆ ಇಳಿಯುವುದೇ ಮೇಲು. ನೋವೆನಿಸಿದಲ್ಲಿ ನಿಲ್ಲಬೇಕು. ಉಸಿರನ್ನು ಹೆಗಲೆತ್ತಿ ಎಳೆಯದೆ ಹೊಟ್ಟೆ ಅರಳುವಂತೆ ತುಂಬಿಕೊಳ್ಳಬೇಕು. ಓದಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಬೇಕು. ಮೊದಲು ಅದು ಪರರ ದನಿಯಂತೆ ಕೇಳಿಸೀತು. ನಮ್ಮ ದನಿ ನಮಗೆ ಎಲುಬಿನ ಮೂಲಕವೂ ಕೇಳುವುದರಿಂದ ಹಾಗೆ. ಹೆದರಬೇಕಾಗಿಲ್ಲ.

ನನಗೆ ಮುಖ್ಯವೆನಿಸುವ ಮಾತು ಇನ್ನೊಂದಿದೆ. ಹಳ್ಳಿಯಿಂದ ಬಂದ ಎಷ್ಟೋ ಮಂದಿ “ನಮ್ಮದು ಒರಟು ಭಾಷೆ” ಎಂದು ವೇದಿಕೆಯನ್ನೇ ಹತ್ತುವುದಿಲ್ಲ. ಅಕಾರ ಹಕಾರ ಅದಲುಬದಲಾದರೆ ನಗುವವರು ನಮ್ಮೊಳಗೇ ಇದ್ದಾರೆ. ಮಹಾಪ್ರಾಣ, ಶಕಾರ, ಳಕಾರಗಳನ್ನು ಕಲಿಯಲೇಬೇಕು. ಸುದ್ದಿ ಓದುವವನಿಗೆ ಅವಿಲ್ಲದೆ ನಡೆಯದು. ಆದರೆ ಅದನ್ನು ಕಲಿಯಲು ಮನೆಯ ಮಾತನ್ನು ಮರೆಯಬೇಕೆಂಬುದು ತಪ್ಪು. ಧಾರವಾಡದ ಅಜ್ಜಿ, ಕುಂದಾಪುರದ ಮೀನುಗಾರ, ಚಾಮರಾಜನಗರದ ರೈತ ಇವರ ಪಾತ್ರಗಳಿಗೆ ದನಿ ಕೊಡುವವರು ಯಾರು? ಶಿಷ್ಟಭಾಷೆ ಕಲಿತವನು ವೀಣೆಗೆ ತಂತಿಯೊಂದನ್ನು ಕೂಡಿಸಿಕೊಂಡ. ಮನೆಮಾತು ಬಿಟ್ಟವನು ಇದ್ದ ತಂತಿಯನ್ನೇ ಕಿತ್ತ. ಈಗ ಯಂತ್ರವೂ ಕನ್ನಡವನ್ನು ತಪ್ಪಿಲ್ಲದೆ, ಸಮನಾಗಿ ಓದಬಲ್ಲದು. ಬರಿಯ ಸಮನಾದ ಓದನ್ನು ಕಲಿತವನ ಜಾಗವನ್ನೇ ಅದು ಮೊದಲು ಕಸಿದೀತು.

ಆದುದರಿಂದ ಗುರುಗಳಲ್ಲಿ ನನ್ನದೊಂದು ಅರಿಕೆ. ವಾರಕ್ಕೊಂದು ಗಂಟೆ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ನಾಟಕವಿರಲಿ, ಕಾವ್ಯವಿರಲಿ, ಪತ್ರಿಕೆಯ ಸುದ್ದಿಯಿರಲಿ. ಒಮ್ಮೆ ಪುಸ್ತಕದ ಭಾಷೆಯಲ್ಲಿ, ಒಮ್ಮೆ ಊರಿನ ಮಾತಿನಲ್ಲಿ. ಇದಕ್ಕೆ ಹಣ ಬೇಕಿಲ್ಲ. ಒಂದು ಕೊಠಡಿ, ಒಂದು ಪುಸ್ತಕ, ನಗದೆ ಕೇಳುವ ಗೆಳೆಯರು ಇದ್ದರೆ ಸಾಕು.