ಮುಗಿಲಿಗೂ ಒಂದು ದಿಡ್ಡಿಬಾಗಿಲು

ಪಾವಗಡ, ಶಿರಾ ಸೀಮೆಯ ಜನಕ್ಕೆ ಮುಗಿಲೆಂದರೆ ಮಳೆ ತರುವ ಮುಗಿಲು. ಅದು ಬರುವುದೂ ಅಪರೂಪ. ಆ ಕಡೆಯಿಂದ ಬೆಂಗಳೂರಿಗೆ ಹೋಗಿ ಗಣಕಯಂತ್ರದ ಕೆಲಸಕ್ಕೆ ಸೇರಿದ ಹುಡುಗ ಹಬ್ಬಕ್ಕೆ ಬಂದು, 'ನನ್ನದು ಕ್ಲೌಡ್ ಕೆಲಸ, ಅಜ್ಜಿ. ಕ್ಲೌಡ್ ಅಂದರೆ ಮುಗಿಲು' ಎಂದರೆ ಅಜ್ಜಿ ಆಕಾಶವನ್ನು ನೋಡಿದರೆ ತಪ್ಪೇನಿಲ್ಲ. ಆದರೆ ಈ ಮುಗಿಲು ನೆಲದ ಮೇಲೆಯೇ ಇರುವಂಥದು. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ತಂಪಾದ ಕಟ್ಟಡಗಳಲ್ಲಿ ಸಾಲಾಗಿ ನಿಂತ ಯಂತ್ರಗಳನ್ನು ಬಾಡಿಗೆಗೆ ಪಡೆದು, ತಮ್ಮ ಲೆಕ್ಕಪತ್ರಗಳನ್ನು ಅವುಗಳಲ್ಲಿ ಇಟ್ಟುಕೊಳ್ಳುವ ಏರ್ಪಾಡಿಗೆ ಆ ಹೆಸರು. ಭಾರತ ಸರ್ಕಾರವಂತೂ ತನ್ನ ಇಂಥ ಏರ್ಪಾಡಿಗೆ 'ಮೇಘರಾಜ' ಎಂದೇ ನಾಮಕರಣ ಮಾಡಿದೆ.

ಕಟ್ಟಡ ಪರರದಾದರೂ ಬಾಗಿಲಿಗೆ ಅಗುಳಿ ಹಾಕಬೇಕಾದವರು ಬಾಡಿಗೆದಾರರೇ. ಮಧುಗಿರಿಯ ಏಕಶಿಲಾ ದುರ್ಗಕ್ಕೆ ಮೈಸೂರು ಬಾಗಿಲೂ ಉಂಟು, ದಿಡ್ಡಿಬಾಗಿಲೂ ಉಂಟು. ಹೆಬ್ಬಾಗಿಲಿಗೆ ಕಾವಲು ಹೇಗೂ ಇರುತ್ತದೆ. ಅಂಜಬೇಕಾದದ್ದು ಮರೆತುಹೋದ ದಿಡ್ಡಿಗೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿಗೆ ಒದಗಿದ ಕೇಡು ಇದೇ ಬಗೆಯದು. ರಕ್ಷಣೆಯ ಗೋಡೆಯನ್ನು ತಪ್ಪಾಗಿ ಜೋಡಿಸಿದ್ದುದರಿಂದ ಹೊರಗಿನ ಒಬ್ಬಾಕೆ ಒಳಹೊಕ್ಕು, 10 ಕೋಟಿಗೂ ಮಿಕ್ಕ ಜನರ ವಿವರಗಳನ್ನು ಕೊಂಡೊಯ್ದಳು. ದೂರದ ಮಾತೆಂದು ಸುಮ್ಮನಿರುವಂತಿಲ್ಲ. 'ಭೂಮಿ' ಯೋಜನೆಯಿಂದ ಕೊರಟಗೆರೆಯ ರೈತನ ಪಹಣಿಯೂ ಗಣಕಯಂತ್ರವನ್ನು ಸೇರಿ ಎರಡು ದಶಕಗಳು ಮೀರಿವೆ; ಉಳಿದ ಕಾಗದಪತ್ರಗಳೂ ಒಂದೊಂದಾಗಿ ಯಂತ್ರಗಳನ್ನೇ ಸೇರುತ್ತಿವೆ.

ಸಾವಿರಾರು ಬಾಗಿಲುಗಳನ್ನು ಕಣ್ಣಿಟ್ಟು ನೋಡಿ ಮುಗಿಸುವುದು ಮನುಷ್ಯಮಾತ್ರದವರಿಗೆ ಆಗದ ಕೆಲಸ. ಆದ್ದರಿಂದ ನಿಯಮಗಳನ್ನೇ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದಿಡುತ್ತಾರೆ: ಯಾವ ಉಗ್ರಾಣವೂ ಲೋಕಕ್ಕೆಲ್ಲ ತೆರೆದಿರಕೂಡದು, ಯಂತ್ರದ ದಿನಚರಿ 180 ದಿನಗಳವರೆಗೆ ದೇಶದೊಳಗೇ ಉಳಿದಿರಬೇಕು. ಈ ಎರಡನೆಯದು ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ವಿಧಿಸಿದ ಕಟ್ಟಳೆ. ಅನಂತರ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆಯನ್ನು ಬೆರಳಚ್ಚಿಸಿದರೆ ಸಾಕು, ನಿಯಮಕ್ಕೆ ಒಳಪಟ್ಟವು ಯಾವುವು, ಮೀರಿದವು ಯಾವುವು ಎಂಬ ಪಟ್ಟಿ ಮುಂದೆ ಬರುತ್ತದೆ. ಚಿತ್ರಗಳನ್ನು ಒತ್ತಿ ಒತ್ತಿ ನೋಡುವುದಕ್ಕಿಂತ ಇದು ಮೇಲು. ಬರೆದಿಟ್ಟ ಆಜ್ಞೆಯಿಂದ ಪ್ರತಿ ಸಲವೂ ಅದೇ ತಪಾಸಣೆ ನಡೆಯುತ್ತದೆ. ತಪ್ಪು ಕಂಡೊಡನೆ ಕಟ್ಟುವ ಕೆಲಸವೇ ನಿಲ್ಲುವಂತೆಯೂ ಏರ್ಪಡಿಸಬಹುದು.

ಹಾಗೆಂದು ನಿದ್ದೆ ಹೋಗುವಂತಿಲ್ಲ. ಮೈಕ್ರೋಸಾಫ್ಟಿನವರ ಅಜೂರ್ ಮುಗಿಲಿನಲ್ಲಿ, ಮೊದಲೇ ಇರುವ ವಸ್ತುಗಳ ಪೂರ್ಣ ತಪಾಸಣೆ ತಾನಾಗಿ ನಡೆಯುವುದು ಸುಮಾರು 24 ಗಂಟೆಗೊಮ್ಮೆ. ಈಗಲೇ ನೋಡೆಂದು ಬೇರೆ ಆಜ್ಞೆ ಕೊಡದಿದ್ದರೆ ಪರದೆಯ ಮೇಲೆ ಕಾಣುವುದು ನಿನ್ನೆಯ ನೆಮ್ಮದಿಯೂ ಆಗಿರಬಹುದು. ಇದಕ್ಕಿಂತ ಮೋಸದ್ದು ಇನ್ನೊಂದು. ಕಾನ್‌ಫ್‌ಟೆಸ್ಟ್ ಎಂಬ ಸಾಧನ ತಾನಾಗಿ ಓದುವುದು 'ಮೇನ್' ಎಂಬ ಹೆಸರಿನಡಿ ಬರೆದ ನಿಯಮಗಳನ್ನು ಮಾತ್ರ. ಬೇರೆ ಹೆಸರಿನಡಿ ಬರೆದು, ಆಜ್ಞೆಯಲ್ಲಿ ಅದನ್ನು ತಿಳಿಸಲು ಮರೆತರೆ, ಆ ನಿಯಮದ ಕಡೆ ಅದು ತಿರುಗಿಯೂ ನೋಡದು. ನಡೆದ ಪರೀಕ್ಷೆ ಸೊನ್ನೆ, ತಪ್ಪೂ ಸೊನ್ನೆ! ಅವಸರದ ಕಣ್ಣಿಗೆ ಎರಡನೆಯ ಸೊನ್ನೆ ಮಾತ್ರ ಕಾಣುತ್ತದೆ.

ಕೆಲಸ ಬಲ್ಲವರು ಇದಕ್ಕಾಗಿ ಒಂದು ಉಪಾಯ ಮಾಡುತ್ತಾರೆ. ಬಾಗಿಲು ತೆರೆದಿಟ್ಟ ಉಗ್ರಾಣವೊಂದರ ನಕ್ಷೆಯನ್ನು, ನಕ್ಷೆಯನ್ನು ಮಾತ್ರ, ಬೇಕೆಂದೇ ತಪ್ಪಾಗಿ ಬರೆದು ಮೊದಲು ಅದನ್ನೇ ತಪಾಸಣೆಗೆ ಒಡ್ಡುತ್ತಾರೆ. ಯಂತ್ರ 'ತಪ್ಪು' ಎಂದು ಕೂಗಿಕೊಂಡಮೇಲೆಯೇ ನಿಜವಾದ ನಕ್ಷೆಯನ್ನು ಅದರ ಮುಂದಿಡುತ್ತಾರೆ.